ಎತ್ತರದ ಹೋಟೆಲೋ, ಅರಮನೆ ಹೋಟೆಲೋ, ಕನ್ನಂಬಾಡಿಯೋ: ಮೈಸೂರಿನಲ್ಲಿ ಕೊಠಡಿ ಆರಿಸುವ ಮುನ್ನ

ತಂಗಿಯ ಮಗಳ ಮದುವೆ ನಿಶ್ಚಯವಾದ ಮೇಲೆ ನಮ್ಮ ಮನೆಯಲ್ಲಿ ಛತ್ರಕ್ಕಿಂತ, ಅಡುಗೆಯವರಿಗಿಂತ ಹೆಚ್ಚು ಚರ್ಚೆಗೆ ಬಂದದ್ದು ಬೀಗರನ್ನು ಎಲ್ಲಿ ಇಳಿಸುವುದೆಂಬ ವಿಷಯ. ಅವರು ಧಾರವಾಡದ ಕಡೆಯವರು. ಮದುವೆಗೆ ಒಂದು ದಿನ ಮೊದಲೇ ಬಂದು, ಎಲ್ಲ ಮುಗಿದ ಮೇಲೆ ಇನ್ನೊಂದು ದಿನ ಇದ್ದು ಊರು ನೋಡಿಕೊಂಡು ಹೋಗುವವರಿದ್ದರು. ಖರ್ಚು ತಮ್ಮದೇ ಎಂದು ಮೊದಲೇ ಹೇಳಿ ನಮ್ಮ ಬಾಯಿ ಕಟ್ಟಿದ್ದ ಅವರ ಮನೆಯ ಹಿರಿಯರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಕೆರಿ ಕಾಣೂ ಹಂಗ ಎತ್ತರದ ಹೋಟೆಲ್ ಯಾವುದರ ಐತೇನ್ರಿ ನಿಮ್ಮೂರಾಗ?” ಇದೆ ಎಂದು ಹೇಳಿಬಿಟ್ಟೆ. ಆಮೇಲೆ ಯಾವ ಕೆರೆ, ಎಷ್ಟು ಎತ್ತರ, ಯಾವ ಕಿಟಕಿ ಎಂಬುದನ್ನು ಖಾತ್ರಿ ಮಾಡಿಕೊಳ್ಳಲು ನಾಲ್ಕು ದಿನ ಸ್ಕೂಟರಿನಲ್ಲಿ ಓಡಾಡಬೇಕಾಯಿತು. ಆ ಓಡಾಟದಲ್ಲಿ ತಿಳಿದದ್ದನ್ನೂ, ಈ ಊರಿನಲ್ಲೇ ಬಹುಕಾಲ ಇದ್ದು ಬಲ್ಲದ್ದನ್ನೂ ಕೂಡಿಸಿ, ಇದೇ ಪ್ರಶ್ನೆ ಎದುರಾಗುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋಟೆಲಿಗೆ ಎಷ್ಟು ನಕ್ಷತ್ರ, ಎಷ್ಟು ಮಹಡಿ, ಈಜುಕೊಳ ಎಷ್ಟು ನೀಲಿ ಎಂಬುದಕ್ಕಿಂತ ನಿಮ್ಮ ಕೊಠಡಿಯ ಕಿಟಕಿ ಯಾವ ದಿಕ್ಕಿಗಿದೆ ಎಂಬುದೇ ಮೈಸೂರಿನಲ್ಲಿ ಕೊಟ್ಟ ಹಣ ದಕ್ಕಿತೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಒಂದೇ ಹೋಟೆಲಿನ ಒಂದೇ ಮಹಡಿಯಲ್ಲಿ, ಒಂದೇ ದರದ ಎರಡು ಕೊಠಡಿಗಳ ಪೈಕಿ ಒಂದಕ್ಕೆ ಚಾಮುಂಡಿ ಬೆಟ್ಟವೂ ಇನ್ನೊಂದಕ್ಕೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕೂ ಎದುರಾಗುವ ಸಂಭವ ಇಲ್ಲಿ ಸಾಕಷ್ಟಿದೆ.

ನೋಡುವ ಕೆರೆ ಬೇರೆ, ನಡೆಯುವ ಕೆರೆ ಬೇರೆ

ಹೊರಗಿನಿಂದ ಬರುವವರು ‘ಕೆರೆಯ ಪಕ್ಕದ ಹೋಟೆಲು’ ಎಂದು ಕೇಳುವಾಗ ಅವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಆಸೆಗಳು ಬೆರೆತಿರುತ್ತವೆ. ಹಾಸಿಗೆಯಿಂದ ಎದ್ದೊಡನೆ ನೀರು ಕಣ್ಣಿಗೆ ಬೀಳಬೇಕೆಂಬುದು ಒಂದು, ಬೆಳಗಿನ ತಂಪಿನಲ್ಲಿ ದಡದ ಮೇಲೆ ಒಂದು ಸುತ್ತು ನಡೆಯಬೇಕೆಂಬುದು ಇನ್ನೊಂದು. ಮೈಸೂರಿನಲ್ಲಿ ಇವೆರಡೂ ಒಂದೇ ಕೆರೆಯಲ್ಲಿ ಸಿಗುವುದಿಲ್ಲವೆಂಬುದನ್ನು ಯಾವ ಹೋಟೆಲಿನವರೂ ತಾವಾಗಿ ಹೇಳುವುದಿಲ್ಲ.

ಮೇಲಿನ ಮಹಡಿಯಿಂದ ನೋಡಲು ಸಿಗುವುದು ಕಾರಂಜಿ ಕೆರೆ. ಅದು ಮೃಗಾಲಯಕ್ಕೆ ಅಂಟಿಕೊಂಡಂತಿದೆ, ಮೃಗಾಲಯದ ಆಡಳಿತಕ್ಕೇ ಸೇರಿದೆ. ಒಟ್ಟು ಸುಮಾರು 90 ಹೆಕ್ಟೇರ್ ಪ್ರದೇಶದಲ್ಲಿ ನೀರು ಹರಡಿರುವುದು 55 ಹೆಕ್ಟೇರಿನಷ್ಟು. ಒಳಗೆ ದೋಣಿವಿಹಾರವಿದೆ, ಚಿಟ್ಟೆಗಳ ಉದ್ಯಾನವಿದೆ, ನಾವು ಒಳಗೇ ನಡೆದು ಹೋಗಬಹುದಾದ 60 ಮೀಟರ್ ಉದ್ದ, 20 ಮೀಟರ್ ಎತ್ತರದ ಪಕ್ಷಿಪಂಜರವಿದೆ. ದಡದಲ್ಲೇ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯವೂ ಇದೆ. ಆದರೆ ಇದು ಟಿಕೆಟ್ ಪಡೆದು ಪ್ರವೇಶಿಸುವ ಉದ್ಯಾನ. ಬಾಗಿಲು ತೆರೆಯುವ ಹೊತ್ತಿಗೆ ಬೆಳಿಗ್ಗೆ ಎಂಟೂವರೆಯಾಗಿ ಬಿಸಿಲು ನೆತ್ತಿಯತ್ತ ಹೊರಟಿರುತ್ತದೆ, ಮಂಗಳವಾರವಂತೂ ಮೃಗಾಲಯದ ಹಾಗೆಯೇ ಪೂರ್ತಿ ರಜೆ. ಆದ್ದರಿಂದ ಕಾರಂಜಿಯ ಬಳಿ ಕೊಠಡಿ ಹಿಡಿದವರು ನಸುಕಿನಲ್ಲಿ ಕೆರೆಯನ್ನು ಕಿಟಕಿಯಿಂದ ನೋಡಬಹುದೇ ಹೊರತು ಅದರ ದಡದ ಮೇಲೆ ನಡೆಯಲಾಗದು.

ನಡೆಯುವವರ ಕೆರೆ ಕುಕ್ಕರಹಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರಾಚೆಯ ಜಮೀನುಗಳಿಗೆ ನೀರುಣಿಸಲು ಕಟ್ಟಿಸಿದ ಈ ಕೆರೆ ಇಂದು ಮಾನಸಗಂಗೋತ್ರಿಯ ಮಗ್ಗುಲಲ್ಲಿ, ಊರಿನ ನಡುವೆಯೇ ಇದೆ. ಕುವೆಂಪು ನಡೆದಾಡಿದ ದಡವೆಂದು ಊರಿನವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವ ಜಾಗವಿದು. ಸುತ್ತು ಹಾಕಿದರೆ ಸುಮಾರು ಐದು ಕಿಲೋಮೀಟರ್. ಬೆಳಿಗ್ಗೆ ಆರು ಗಂಟೆಗೆ ಹೋದರೆ ನೀರಿನ ನಡುಗಡ್ಡೆಯಂಥ ಜಾಗದಲ್ಲಿ ಹೆಜ್ಜಾರ್ಲೆಗಳು ಕೊಕ್ಕನ್ನು ಎದೆಗೊತ್ತಿಕೊಂಡು ಕುಳಿತಿರುತ್ತವೆ. ಬಣ್ಣದ ಕೊಕ್ಕರೆಗಳು ತೆಳು ನೀರಿನಲ್ಲಿ ಬಾಯಿ ಅರೆ ತೆರೆದು, ತಲೆಯನ್ನು ಅತ್ತಿತ್ತ ಆಡಿಸುತ್ತ ಮೀನಿಗಾಗಿ ತಡಕುತ್ತವೆ. ಈ ಕೆರೆಯ ದಂಡೆಗೆ ಒತ್ತಿಕೊಂಡು ಎತ್ತರದ ಐಷಾರಾಮಿ ಹೋಟೆಲುಗಳಿಲ್ಲ. ವಿನೋಬಾ ರಸ್ತೆಯ ಸದರ್ನ್ ಸ್ಟಾರ್, ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಮೆಟ್ರೊಪೋಲ್ ಮೊದಲಾದವುಗಳಿಂದ ಆರಾಮವಾಗಿ ನಡೆದೇ ತಲುಪಬಹುದು. ಬೆಳಗಿನ ನಡಿಗೆಯೇ ಮುಖ್ಯವೆನ್ನುವವರು ಮಹಡಿಯ ಎತ್ತರವನ್ನು ಮರೆತು ಈ ಭಾಗದಲ್ಲಿ ಇಳಿದುಕೊಳ್ಳುವುದು ಲೇಸು.

ಮುಮ್ಮಡಿಯವರೇ 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಲಿಂಗಾಂಬುಧಿ ಕೆರೆಯೂ ಸೊಗಸಾದದ್ದೇ. ಆದರೆ ಅದು ಬಡಾವಣೆಗಳ ನಡುವಿನ ಕೆರೆ. ಬೀಗರನ್ನು ಇಳಿಸುವಂಥ ದೊಡ್ಡ ಹೋಟೆಲು ಅದರ ಸುತ್ತ ಇಲ್ಲದ್ದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಎತ್ತರದ ಹೋಟೆಲು: ಕೊಡುವುದೇನು, ಕಸಿದುಕೊಳ್ಳುವುದೇನು

ಮೈಸೂರಿನ ಎತ್ತರ ಬೆಂಗಳೂರಿನವರ ಲೆಕ್ಕದಲ್ಲಿ ಎತ್ತರವೇ ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ದಾಟಿದ ಕಟ್ಟಡ ಬಹುಎತ್ತರದ್ದೆನಿಸುತ್ತದೆ. ಆ ಅಳತೆಗೆ ನಮ್ಮ ಊರಿನ ದೊಡ್ಡ ಹೋಟೆಲುಗಳು ಸಲ್ಲುತ್ತವೆ, ಅಷ್ಟೆ. ಆದರೆ ಇಲ್ಲಿ ಅಷ್ಟೇ ಸಾಕು. ಏಕೆಂದರೆ ಊರು ತಗ್ಗಾಗಿ ಹರಡಿಕೊಂಡಿದೆ, ಹಳೆಯ ರಸ್ತೆಗಳ ಮಳೆಮರಗಳ ನೆತ್ತಿಯನ್ನು ಒಮ್ಮೆ ದಾಟಿದರೆ ಕಣ್ಣಿಗೆ ಅಡ್ಡಿಯಾಗುವುದು ಹೆಚ್ಚೇನಿಲ್ಲ. ನಾನು ಕಂಡಂತೆ ನಾಲ್ಕನೆಯ ಮಹಡಿಯವರೆಗೆ ಮರದ ಎಲೆಗಳೇ ಕಿಟಕಿ ತುಂಬುತ್ತವೆ. ಐದರಿಂದ ಮೇಲೆ ನೋಟ ಬಿಚ್ಚಿಕೊಳ್ಳುತ್ತದೆ. ಆರಕ್ಕೂ ಎಂಟಕ್ಕೂ ನಡುವಿನ ವ್ಯತ್ಯಾಸಕ್ಕೆಂದು ಹೆಚ್ಚು ಹಣ ಕೇಳಿದರೆ ಕೊಡುವ ಅಗತ್ಯವಿಲ್ಲ.

ಈಗ ದಿಕ್ಕಿನ ವಿಚಾರ. ಎಂ.ಜಿ. ರಸ್ತೆಯಲ್ಲಿ ಮಾಲ್‌ಗೆ ಹೊಂದಿಕೊಂಡಿರುವ ರ‍್ಯಾಡಿಸನ್ ಬ್ಲೂ ಸೇರಿದಂತೆ ರೇಸ್‌ಕೋರ್ಸ್ ಸುತ್ತಲಿನ ಎತ್ತರದ ಕಟ್ಟಡಗಳಲ್ಲಿ ನಿಂತು ನೋಡುವವರಿಗೆ ದಕ್ಷಿಣಕ್ಕೆ ಚಾಮುಂಡಿ ಬೆಟ್ಟ, ಪೂರ್ವ ಮತ್ತು ಈಶಾನ್ಯದ ಕಡೆಗೆ ಕಾರಂಜಿ, ವಾಯವ್ಯಕ್ಕೆ ಅರಮನೆ. ಮೂರರಲ್ಲಿ ನನ್ನ ಆಯ್ಕೆ ಯಾವಾಗಲೂ ದಕ್ಷಿಣ. ಊರಿನ ನೆಲದಿಂದ ಮುನ್ನೂರು ಮೀಟರಿನಷ್ಟು ಎದ್ದುನಿಂತಿರುವ ಬೆಟ್ಟವು ಆರನೆಯ ಮಹಡಿಯಿಂದ ನೋಡಿದಾಗ ಬುಡದಿಂದ ನೆತ್ತಿಯವರೆಗೆ ಇಡಿಯಾಗಿ ಕಾಣುತ್ತದೆ. ಮಳೆಗಾಲದ ಬೆಳಿಗ್ಗೆ ಮೋಡ ನಡುಬೆಟ್ಟಕ್ಕೆ ಇಳಿದು ತುದಿ ಮಾತ್ರ ತೇಲುತ್ತಿರುವಂತೆ ತೋರುತ್ತದೆ, ರಾತ್ರಿ ಮೇಲೇರುವ ರಸ್ತೆಯ ದೀಪಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಇದು ಹಗಲೂ ರಾತ್ರಿಯೂ ಬದಲಾಗುತ್ತಿರುವ ನೋಟ. ಮೇಲಾಗಿ ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲಿನ ಕಾಟ ಕಡಿಮೆ.

ಪೂರ್ವದ ಕಿಟಕಿಯಲ್ಲಿ ಕೆರೆಯ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬಹುದೆಂಬುದು ನಿಜ. ಆ ನೋಟ ಕಾಲು ಗಂಟೆಯದು. ಆಮೇಲೆ ನೀರಿನ ಮೇಲಿನ ಝಳಪು ಕಣ್ಣು ಕುಕ್ಕತೊಡಗಿ, ಮಾರ್ಚ್–ಏಪ್ರಿಲ್ ತಿಂಗಳಾದರೆ ಏಳೂವರೆಗೇ ಪರದೆ ಎಳೆದು ಕೂರಬೇಕಾಗುತ್ತದೆ. ಅರಮನೆಯ ಕಡೆಯ ಕಿಟಕಿಯ ಕಥೆ ಬೇರೆ. ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ಏಳು ಗಂಟೆಯಿಂದ ಮುಕ್ಕಾಲು ಗಂಟೆಯಷ್ಟು ಹೊತ್ತು ಇರುತ್ತದೆ. ದಸರೆಯ ದಿನಗಳ ಮಾತು ಬೇರೆ. ಬುಧವಾರ ಬಂದು ಗುರುವಾರ ಹೋಗುವವರು ಆ ಕಿಟಕಿಗೆಂದು ಹಣ ಕೊಟ್ಟರೆ ಹೆಚ್ಚುಕಡಿಮೆ ಕತ್ತಲೆಯನ್ನೇ ಕೊಂಡಂತಾಗುತ್ತದೆ. ನ್ಯೂ ಸಯ್ಯಾಜಿರಾವ್ ರಸ್ತೆಯ ಗ್ರ್ಯಾಂಡ್ ಮರ್ಕ್ಯೂರ್ ಊರಿನ ಉತ್ತರ ಭಾಗದಲ್ಲಿರುವುದರಿಂದ ಅಲ್ಲಿ ಕೆರೆಯ ಮಾತೇ ಬರುವುದಿಲ್ಲ. ದಕ್ಷಿಣದ ಕಡೆ ಛಾವಣಿಗಳಾಚೆ ಬೆಟ್ಟವನ್ನು ದೂರದಿಂದ ನೋಡಿ ತೃಪ್ತಿಪಡಬೇಕು.

‘ಲೇಕ್ ವ್ಯೂ’ ಎಂಬ ಎರಡು ಪದಗಳ ಬಗ್ಗೆ ನನಗಿರುವ ಅನುಮಾನಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಉತ್ತರದ ಒಂದು ಸರೋವರದ ಊರಿನಲ್ಲಿ, ಬಹಳ ಎತ್ತರದ ಹೋಟೆಲೊಂದರಲ್ಲಿ ನಾವಿಬ್ಬರೂ ಎರಡು ರಾತ್ರಿ ಇದ್ದೆವು. ನೀರಿನ ನೋಟಕ್ಕೆಂದೇ ಹೆಚ್ಚು ದುಡ್ಡು ಕೊಟ್ಟಿದ್ದೆವು. ಕಿಟಕಿಯ ಎಡ ಅಂಚಿಗೆ ಕೆನ್ನೆಯೊತ್ತಿ ನಿಂತರೆ, ಎದುರಿನ ಕಟ್ಟಡದ ಗೋಡೆಗೂ ಒಂದು ಜಾಹೀರಾತು ಫಲಕಕ್ಕೂ ನಡುವೆ, ಅಂಗೈಯಗಲದ ನೀರು ಕಾಣುತ್ತಿತ್ತು. ಕೆಳಗೆ ಹೋಗಿ ವಿಚಾರಿಸಿದಾಗ ರಿಸೆಪ್ಷನ್‌ನವರು ಬಹಳ ನಯವಾಗಿ, “ಸರ್, ಕಾಣುತ್ತದೆಯಲ್ಲವೆ?” ಎಂದರು. ಕಾಣುತ್ತಿತ್ತು, ಇಲ್ಲವೆನ್ನಲಾಗಲಿಲ್ಲ. ನನ್ನ ಹೆಂಡತಿ ಆ ಎರಡು ದಿನವೂ ಸರೋವರಕ್ಕೆ ‘ನಿಮ್ಮ ಬೊಗಸೆ ನೀರು’ ಎಂದೇ ಹೆಸರಿಟ್ಟು ಕರೆದಳು. ಅಂದಿನಿಂದ ನಾನು ಕೇಳುವ ಪ್ರಶ್ನೆ ಬದಲಾಗಿದೆ: “ಹಾಸಿಗೆಯ ಮೇಲೆ ಕುಳಿತರೆ ನೀರು ಕಾಣುತ್ತದೆಯೇ?” ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಫೋನಿನ ಆಚೆ ಕಡೆಯವರು ಒಂದು ಕ್ಷಣ ತಡೆದರೆ ಅದೇ ಉತ್ತರ.

ಎತ್ತರ ಕಸಿದುಕೊಳ್ಳುವುದರಲ್ಲಿ ಮೊದಲನೆಯದು ಗಾಳಿ. ವರ್ಷದ ಬಹುಪಾಲು ಫ್ಯಾನ್ ಕೂಡ ಬೇಡವೆನಿಸುವ ಮೈಸೂರಿನ ಸಂಜೆಯಲ್ಲಿ, ಕಿಟಕಿಯ ಗಾಜು ತೆರೆಯದ ಕೊಠಡಿಯೊಳಗೆ ಏ.ಸಿ. ಹಾಕಿಕೊಂಡು ಕೂರುವುದು ನನಗಂತೂ ಒಗ್ಗದು. ಬಹುತೇಕ ಬಹುಮಹಡಿ ಹೋಟೆಲುಗಳಲ್ಲಿ ಸುರಕ್ಷತೆಯ ಕಾರಣಕ್ಕೆ ಗಾಜು ಬಂದೋಬಸ್ತಾಗಿರುತ್ತದೆ. ಅದರಿಂದ ಒಂದು ಲಾಭವೂ ಇದೆ: ಕೆರೆ ಇರುವಲ್ಲಿ ಸಂಜೆಗೆ ಸೊಳ್ಳೆಯೂ ಇರುತ್ತದೆ, ಮೇಲಿನ ಮಹಡಿಗೆ ಅದರ ಹಾವಳಿ ಕಡಿಮೆ. ಇನ್ನೊಂದು ನಷ್ಟ ಶಬ್ದದ್ದು. ಇದನ್ನು ಕೇಳಿ ಕೆಲವರು ನಗಬಹುದು. 1892ರಷ್ಟು ಹಿಂದೆ ಆರಂಭವಾದ ಮೃಗಾಲಯ ಇಟ್ಟಿಗೆಗೂಡಿನ ಮಗ್ಗುಲಲ್ಲೇ ಇರುವುದರಿಂದ, ಆ ಸುತ್ತಿನ ಹಳೆಯ ಮನೆಗಳಲ್ಲಿ ಮಲಗಿದವರಿಗೆ ನಸುಕಿನ ನಿಶ್ಶಬ್ದದಲ್ಲಿ ಸಿಂಹ ಗುಟುರು ಹಾಕುವುದು ಕೇಳಿಸುತ್ತದೆ. ಸೀಲು ಮಾಡಿದ ಜೋಡಿ ಗಾಜಿನ ಹಿಂದೆ ಮಲಗಿದ ಅತಿಥಿಗೆ ಅದು ದಕ್ಕುವುದಿಲ್ಲ.

ಲಿಫ್ಟಿನ ವಿಚಾರ ಸಣ್ಣದೆನಿಸಿದರೂ ಹಿರಿಯರು ಜೊತೆಗಿದ್ದರೆ ಸಣ್ಣದಲ್ಲ. ಹೋಟೆಲಿನ ಸಭಾಂಗಣದಲ್ಲಿ ಮದುವೆಯ ಆರತಕ್ಷತೆಯೋ ಕಂಪನಿಯವರ ಸಮಾವೇಶವೋ ಇದ್ದ ದಿನ ಎರಡು ಲಿಫ್ಟುಗಳ ಮುಂದೆ ಹತ್ತು ನಿಮಿಷ ನಿಲ್ಲಬೇಕಾಗುತ್ತದೆ. ಕಾಯ್ದಿರಿಸುವಾಗ ಆ ದಿನ ಏನು ಕಾರ್ಯಕ್ರಮವಿದೆ ಎಂದು ಕೇಳಿಕೊಳ್ಳಬೇಕು. ಕೊಠಡಿಗೆ ಹೋದ ಮೇಲೆ ಬ್ಯಾಗು ಇಟ್ಟವರೇ ಹೊರಗೆ ಬಂದು, ನಿಮ್ಮ ಬಾಗಿಲಿನಿಂದ ಬೆಂಕಿ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕೆಂದು ಎಣಿಸಿ ನೋಡಿ, ಆ ಮೆಟ್ಟಿಲಿನ ಬಾಗಿಲು ತೆರೆಯುತ್ತದೆಯೇ, ಅದರ ಹಿಂದೆ ಹಾಸಿಗೆ, ಬಕೆಟ್ಟು ಒಟ್ಟಿಲ್ಲವೇ ಎಂದು ಒಮ್ಮೆ ತಳ್ಳಿ ನೋಡಿ. ಹೊಗೆ ತುಂಬಿದಾಗ ಕಣ್ಣು ಕೆಲಸ ಮಾಡುವುದಿಲ್ಲ, ಎಣಿಕೆ ಕೆಲಸ ಮಾಡುತ್ತದೆ.

ಬಿಲ್ಲಿನಲ್ಲಿರುವ 7,500ರ ಗೆರೆ

ದರದ ಹೋಲಿಕೆ ಮಾಡುವಾಗ ಹೆಚ್ಚಿನವರು ತಪ್ಪುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಬದಲಾವಣೆಯಂತೆ, ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿ.ಎಸ್.ಟಿ. ಶೇ. 5. ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ಮಾತ್ರವಲ್ಲದೆ ಇಡೀ ಮೊತ್ತಕ್ಕೆ ಶೇ. 18. ಉದಾಹರಣೆಗೆ ಒಂದು ಹೋಟೆಲಿನಲ್ಲಿ ಸಾಮಾನ್ಯ ಕೊಠಡಿಗೆ 7,200, ಕೆರೆಯ ಕಡೆಯ ಕೊಠಡಿಗೆ 8,400 ಎಂದಿಟ್ಟುಕೊಳ್ಳಿ. ಕೆರೆಯ ನೋಟಕ್ಕೆ 1,200 ಹೆಚ್ಚು, ಪರವಾಗಿಲ್ಲ ಎನಿಸುತ್ತದೆ. ತೆರಿಗೆ ಸೇರಿಸಿ ನೋಡಿದರೆ ಮೊದಲನೆಯದು 7,560, ಎರಡನೆಯದು 9,912. ಕೆರೆಯ ಬೆಲೆ ಒಂದು ರಾತ್ರಿಗೆ 2,352 ರೂಪಾಯಿ. ಮೂರು ರಾತ್ರಿಗೆ ಏಳು ಸಾವಿರ ದಾಟಿತು.

ಲೆಕ್ಕಕ್ಕೆ ಬರುವುದು ಬೋರ್ಡಿನ ಮೇಲಿನ ದರವಲ್ಲ, ನಿಮ್ಮಿಂದ ನಿಜವಾಗಿ ಪಡೆಯುವ ದರ. ಆದ್ದರಿಂದ ರಿಯಾಯಿತಿಯಲ್ಲಿ 7,500ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಸಿಕೊಂಡರೆ ತೆರಿಗೆಯೂ ಇಳಿಯುತ್ತದೆ. 7,700 ಹೇಳಿದವರನ್ನು 7,500ಕ್ಕೆ ಒಪ್ಪಿಸುವುದು ಇನ್ನೂರು ರೂಪಾಯಿಯ ಚೌಕಾಸಿಯಲ್ಲ, ಸಾವಿರಕ್ಕೂ ಮೀರಿದ ಉಳಿತಾಯ. ಹೆಚ್ಚುವರಿ ಹಾಸಿಗೆಯ ಶುಲ್ಕವೂ ಇದೇ ಮೊತ್ತಕ್ಕೆ ಸೇರಿ ಗೆರೆ ದಾಟಿಸಿಬಿಡಬಹುದು, ತಿಂಡಿ ಸೇರಿದ ದರವೂ ಹಾಗೆಯೇ. ಹೋಟೆಲಿನವರ ಭಾಷೆಯಲ್ಲಿ ಇ.ಪಿ. ಎಂದರೆ ಕೊಠಡಿ ಮಾತ್ರ, ಸಿ.ಪಿ. ಎಂದರೆ ಬೆಳಗಿನ ತಿಂಡಿ ಸೇರಿ, ಎಂ.ಎ.ಪಿ. ಎಂದರೆ ಅದಕ್ಕೆ ಇನ್ನೊಂದು ಊಟ, ಎ.ಪಿ. ಎಂದರೆ ಎಲ್ಲ ಊಟವೂ. ಮೈಸೂರಿನ ಮಟ್ಟಿಗೆ ನನ್ನ ಸಲಹೆ ಇ.ಪಿ. ನಜರ್‌ಬಾದಿನಲ್ಲಿ ಮೈಲಾರಿ ದೋಸೆ ಸಿಗುವಾಗ ಹೋಟೆಲಿನ ಬಫೆಯಲ್ಲಿ ಆರಿದ ಇಡ್ಲಿಯನ್ನು ಇಕ್ಕಳದಿಂದ ಎತ್ತಿಕೊಳ್ಳುವುದಕ್ಕೆ ಅರ್ಥವಿಲ್ಲ. ಮಕ್ಕಳು ಹೆಚ್ಚಿದ್ದು, ಎಲ್ಲರನ್ನೂ ಬೆಳಿಗ್ಗೆ ಹೊರಡಿಸುವುದೇ ಕಷ್ಟವೆನ್ನುವ ಮನೆಯವರಿಗೆ ಮಾತ್ರ ಸಿ.ಪಿ. ಅನುಕೂಲ.

ಊಟದ ಬಿಲ್ಲಿನಲ್ಲೂ ಇದೇ ಗೆರೆಯ ನೆರಳಿದೆ. ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದಾದರೂ ಕೊಠಡಿಯನ್ನು 7,500ಕ್ಕಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲಿ ತೆರಿಗೆ ಶೇ. 18, ಹೊರಗಿನ ಸಾಮಾನ್ಯ ಹೋಟೆಲಿನಲ್ಲಿ ಶೇ. 5. ಇದರ ಜೊತೆಗೆ ‘ಸರ್ವೀಸ್ ಚಾರ್ಜ್’ ಎಂದು ತಾನಾಗಿ ಸೇರಿಸಿದ್ದರೆ ಅದನ್ನು ತೆಗೆಯಿರೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಅದನ್ನು ಗ್ರಾಹಕರ ಮೇಲೆ ಹೇರುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ.

ಎತ್ತರವಿಲ್ಲದ ವೈಭವ

ಎತ್ತರದ ಹೋಟೆಲಿಗೆ ಮೈಸೂರಿನಲ್ಲಿ ನಿಜವಾದ ಎದುರಾಳಿ ಇನ್ನೊಂದು ಎತ್ತರದ ಹೋಟೆಲಲ್ಲ, ಲಲಿತಮಹಲ್. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್‌ ಇಳಿದುಕೊಳ್ಳಲೆಂದು ಕಟ್ಟಿಸಿದ ಈ ಅರಮನೆಗೆ 1921ರಲ್ಲಿ ಅಸ್ತಿವಾರ ಬಿತ್ತು. ಇ.ಡಬ್ಲ್ಯು. ಫ್ರಿಚ್ಲಿ ರಚಿಸಿದ ನಕ್ಷೆಯಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲ್‌ನ ಗುಮ್ಮಟದ ಛಾಯೆ ಎದ್ದು ಕಾಣುತ್ತದೆ. 1974ರಲ್ಲಿ ಇದು ಹೋಟೆಲಾಯಿತು. ಎರಡೇ ಅಂತಸ್ತು; ಆದರೆ ಅದರ ಒಂದೊಂದು ಅಂತಸ್ತಿನ ಎತ್ತರದಲ್ಲಿ ಇಂದಿನ ಹೋಟೆಲಿನವರು ಎರಡು ಮಹಡಿ ಮಾಡಿಬಿಡುತ್ತಾರೆ. ಕಟ್ಟಡ ದಿಬ್ಬದ ಮೇಲಿರುವುದರಿಂದ ಮೊದಲ ಮಹಡಿಯ ಮೊಗಸಾಲೆಯಲ್ಲಿ ನಿಂತರೆ ಊರು ಕಾಲ ಕೆಳಗೆ ಹರಡಿರುತ್ತದೆ, ಒಂದು ಕಡೆಗೆ ಬೆಟ್ಟದ ಇಳಿಜಾರು. ಬಾಗಿಲು ತೆರೆದರೆ ಗಾಳಿ ಬರುತ್ತದೆ, ಇದು ನನ್ನ ಲೆಕ್ಕದಲ್ಲಿ ದೊಡ್ಡ ಅಂಕ.

ಆದರೆ ಶತಮಾನದ ಕಟ್ಟಡವೆಂಬುದನ್ನು ಮರೆತು ಹೋದವರು ಬೇಸರಪಡುತ್ತಾರೆ. ಹಳೆಯ ಕಟ್ಟಡಗಳಲ್ಲಿ ಸ್ನಾನದ ಮನೆಗೆ ಬಿಸಿನೀರು ಬರುವಷ್ಟರಲ್ಲಿ ಅರ್ಧ ಬಕೆಟ್ ತಣ್ಣೀರು ಹರಿದುಹೋಗುತ್ತದೆ, ನೆಲಮಟ್ಟದ ಕೊಠಡಿಗಳಲ್ಲಿ ಮಳೆಗಾಲಕ್ಕೆ ಸಣ್ಣಗೆ ತೇವದ ವಾಸನೆ ಇರುತ್ತದೆ, ಪ್ಲಗ್ ಪಾಯಿಂಟು ಬೇಕಾದ ಕಡೆ ಇರುವುದಿಲ್ಲ. ಇಂಥ ಕಡೆ ಮೂಲ ಕಟ್ಟಡದಲ್ಲಿ ಕೊಠಡಿ ಸಿಗುವುದೇ, ಆಮೇಲೆ ಸೇರಿಸಿದ ಭಾಗದಲ್ಲೇ ಎಂದು ಸ್ಪಷ್ಟವಾಗಿ ಕೇಳಬೇಕು. ಅರಮನೆಯ ಹೆಸರಿಗೆ ದುಡ್ಡು ಕೊಟ್ಟು ಹಿತ್ತಲಿನ ಸಾಲಿನಲ್ಲಿ ಮಲಗುವುದಾದರೆ ಬಂದ ಉದ್ದೇಶವೇ ಕೆಡುತ್ತದೆ. ಊರಿನ ನಡುವಿನಿಂದ ಐದಾರು ಕಿಲೋಮೀಟರ್ ದೂರವಾದ್ದರಿಂದ ಪ್ರತಿ ಸಲವೂ ವಾಹನ ಬೇಕು. ಊರೊಳಗೇ ಇದ್ದು ಹಳೆಯ ಕಾಲದ ಸೊಗಸು ಬೇಕೆನ್ನುವವರಿಗೆ 1920ರ ಸುಮಾರಿನಲ್ಲಿ ಮಹಾರಾಜರು ಬ್ರಿಟಿಷ್ ಅತಿಥಿಗಳಿಗೆಂದು ಕಟ್ಟಿಸಿದ ಮೆಟ್ರೊಪೋಲ್ ಇದೆ. ಅಲ್ಲಿ ನೋಟವೆಂದರೆ ಒಳಾಂಗಣದ ಮರಗಳು, ಉದ್ದನೆಯ ಜಗಲಿ. ಜೊತೆಗೆ, ಮೇಲೆ ಹೇಳಿದಂತೆ, ಕುಕ್ಕರಹಳ್ಳಿ ಹತ್ತಿರ.

ನೀರೇ ಬೇಕೆನ್ನುವವರು ಮಂಡ್ಯ ಜಿಲ್ಲೆಗೆ ಹೋಗಬೇಕು

ಕೆರೆ ಸಾಲದು, ಸಮುದ್ರದಂಥ ನೀರು ಬೇಕೆನ್ನುವವರು ನೆನೆಯುವುದು ಕನ್ನಂಬಾಡಿ ಕಟ್ಟೆಯನ್ನು. ಮೈಸೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಕೆ.ಆರ್.ಎಸ್. ಸೇರಿರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿಗೆ. ಇಲ್ಲೂ ದಿಕ್ಕಿನದೇ ಸಮಸ್ಯೆ. ಬೃಂದಾವನದ ಪಕ್ಕದಲ್ಲಿರುವ ಹಳೆಯ ಹೋಟೆಲು ಕಟ್ಟೆಯ ಕೆಳಮಗ್ಗುಲಲ್ಲಿದೆ. ಅದರ ಮೊಗಸಾಲೆಯಿಂದ ಕಾಣುವುದು 60 ಎಕರೆಯ ಉದ್ಯಾನ, ಕಾರಂಜಿಗಳು, ಸಂಜೆಯ ಬಣ್ಣದ ದೀಪಗಳು. ಜಲಾಶಯದ ಹರವು ಇರುವುದು ಎರಡೂವರೆ ಕಿಲೋಮೀಟರಿಗೂ ಉದ್ದದ ಕಟ್ಟೆಯ ಆಚೆ ಬದಿಗೆ. ಉದ್ಯಾನವನ್ನು ಜನಸಂದಣಿ ಕರಗಿದ ಮೇಲೆ, ಅಥವಾ ಬೆಳಿಗ್ಗೆ ಯಾರೂ ಬರುವ ಮೊದಲು ಅಷ್ಟು ಹತ್ತಿರದಿಂದ ನೋಡುವ ಸುಖ ಅಲ್ಲಿ ತಂಗಿದವರಿಗೆ ಮಾತ್ರ ಸಿಗುತ್ತದೆ, ಅದು ಕಡಿಮೆಯದೇನಲ್ಲ. ಆದರೆ ‘ಡ್ಯಾಂ ಪಕ್ಕದ ಹೋಟೆಲು’ ಎಂದಾಕ್ಷಣ ಕಿಟಕಿಯ ತುಂಬ ನೀರು ಎಂದುಕೊಳ್ಳಬಾರದು.

ನೀರಿನ ಹರವನ್ನೇ ಕಾಣಬೇಕೆಂದರೆ ಹಿನ್ನೀರಿನ ಕಡೆಯ ರೆಸಾರ್ಟುಗಳಿಗೆ ಹೋಗಬೇಕು. ಮುಳುಗಡೆಯಾದ ಹಳೆಯ ಕನ್ನಂಬಾಡಿಯಿಂದ ಸಾಗಿಸಿ ಮತ್ತೆ ಕಟ್ಟಿದ ವೇಣುಗೋಪಾಲಸ್ವಾಮಿ ದೇವಾಲಯವಿರುವುದೂ ಹಿನ್ನೀರಿನ ದಡದಲ್ಲೇ. ಇಲ್ಲಿ ಕೊಠಡಿಗಿಂತ ತಿಂಗಳು ಮುಖ್ಯ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಈ ಅಂಕಿಯನ್ನು ಮಂಡ್ಯದವರು ತಮ್ಮ ಮನೆಯ ಬಾಗಿಲ ನಂಬರಿನಂತೆ ಹೇಳುತ್ತಾರೆ, ಮಳೆಗಾಲದಲ್ಲಿ ಇಂದಿನ ಮಟ್ಟ ಎಷ್ಟೆಂಬುದು ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಮುಂಗಾರು ಚೆನ್ನಾಗಿ ಬಿದ್ದ ವರ್ಷ ಆಗಸ್ಟಿನಿಂದ ಡಿಸೆಂಬರಿನವರೆಗೆ ನೀರು ಅಂಗಳದಂಚಿಗೇ ಬಂದಿರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಅದೇ ಅಂಗಳದ ಮುಂದೆ ಒಡೆದ ಕೆಸರಿನ ಬಯಲು, ಅದರಲ್ಲಿ ಮೇಯುವ ದನಗಳು, ದೂರದಲ್ಲೆಲ್ಲೋ ಬೆಳ್ಳಿಯ ಗೆರೆಯಂತೆ ನೀರು. ಜಾಲತಾಣದ ಚಿತ್ರಗಳನ್ನು ಯಾವ ತಿಂಗಳಲ್ಲಿ ತೆಗೆದದ್ದೆಂದು ಊಹಿಸುವುದು ಕಷ್ಟವಲ್ಲ. ಪತ್ರಿಕೆಯಲ್ಲಿ ಮಟ್ಟ ನೋಡಿಕೊಂಡು ಕಾಯ್ದಿರಿಸಿದರೆ ಮೋಸವಾಗದು.

ಮದುವೆಗೆ ಬಂದವರನ್ನು ಅಲ್ಲಿ ಇಳಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. ವಾರಾಂತ್ಯದ ಸಂಜೆ ಬೃಂದಾವನದ ವಾಹನಗಳೆಲ್ಲ ಒಮ್ಮೆಗೇ ಹಿಂದಿರುಗುವಾಗ ಆ 20 ಕಿಲೋಮೀಟರಿಗೆ ಎಷ್ಟು ಹೊತ್ತು ಬೇಕೆಂದು ಹೇಳಲಾಗದು. ಮುಹೂರ್ತ ಬೆಳಿಗ್ಗೆ ಆರೂವರೆಗಿದ್ದರೆ ಹೆಂಗಸರು ನಾಲ್ಕಕ್ಕೇ ಏಳಬೇಕು.

ದಸರೆಯ ಹತ್ತು ದಿನಗಳಿಗೆ ಈ ಹೋಲಿಕೆ ಯಾವುದೂ ಅನ್ವಯಿಸುವುದಿಲ್ಲ. ಆಗ ಸಿಕ್ಕಿದ ಕೊಠಡಿಯೇ ಒಳ್ಳೆಯ ಕೊಠಡಿ. ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಮೆರವಣಿಗೆಯ ದಾರಿಯೂ ಅದರ ಅಡ್ಡರಸ್ತೆಗಳೂ ಮುಚ್ಚಿರುತ್ತವೆ, ಆದ್ದರಿಂದ ಆ ದಿನ ಬರುವವರು ಮತ್ತು ಹೊರಡುವವರು ತಮ್ಮ ಹೋಟೆಲಿಗೆ ಯಾವ ಕಡೆಯಿಂದ ದಾರಿ ಇರುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು, ಅಷ್ಟೆ.

ಬೀಗರು ಎಲ್ಲಿ ಇಳಿದರು

ಇಷ್ಟೆಲ್ಲ ಅಳೆದು ಸುರಿದು, ಕೊನೆಗೆ ಕಾರಂಜಿಗೆ ಹತ್ತಿರದ ಒಂದು ಎತ್ತರದ ಹೋಟೆಲಿನ ಆರನೆಯ ಮಹಡಿಯಲ್ಲಿ ಬೆಟ್ಟದ ಕಡೆಗಿರುವ ನಾಲ್ಕು ಕೊಠಡಿಗಳನ್ನು, 7,500ರ ಗೆರೆಯೊಳಗೆ, ತಿಂಡಿ ಬೇಡವೆಂದು ಹೇಳಿ ಕಾಯ್ದಿರಿಸಿದೆ. ಕೆರೆಯ ಕಡೆಯದು ಏಕೆ ಬೇಡವೆಂದು ಆ ಹಿರಿಯರಿಗೆ ಲೆಕ್ಕ ಸಮೇತ ಹೇಳಿದಾಗ ಅವರು “ಹಂಗಂದ್ರ ಗುಡ್ಡನs ನೋಡೂಣ ಬಿಡ್ರಿ” ಎಂದರು. ಧ್ವನಿಯಲ್ಲಿ ನಿರಾಸೆ ಇತ್ತು. ಮದುವೆ ಸಾಂಗವಾಗಿ ನಡೆಯಿತು. ಮರುದಿನ ಕಾರಂಜಿಗೆ ಕರೆದೊಯ್ಯೋಣವೆಂದು ನಾನೂ ನನ್ನ ತಮ್ಮನೂ ಎರಡು ಕಾರು ತೆಗೆದುಕೊಂಡು ಹೋಟೆಲಿಗೆ ಹೋದ ಮೇಲೆ ನೆನಪಾದದ್ದು, ಅಂದು ಮಂಗಳವಾರ.

ಏನು ಹೇಳುವುದೆಂದು ತೋಚದೆ ಮೇಲೆ ಹೋದೆ. ಲಿಫ್ಟಿನ ಬಾಗಿಲು ತೆರೆದಾಗ ಹಿರಿಯರು ಎದುರಿಗೇ ಇದ್ದರು. ಲಿಫ್ಟಿಗೆ ಕಾಯುವ ಜಾಗದ ಕೊನೆಯಲ್ಲಿ, ಪೂರ್ವಕ್ಕಿದ್ದ ದೊಡ್ಡ ಗಾಜಿನ ಪಕ್ಕ, ಕೊಠಡಿಯಿಂದ ತಂದ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಗಾಜಿನಾಚೆ ಮರಗಳ ನೆತ್ತಿಯ ಮೇಲಿಂದ ಕಾರಂಜಿ ಅಂಚಿನಿಂದ ಅಂಚಿನವರೆಗೆ ಕಾಣುತ್ತಿತ್ತು. ಮೂರು ದಿನದಿಂದ ಬೆಳಿಗ್ಗೆ ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರಂತೆ. ನನ್ನನ್ನು ನೋಡಿ, “ಬರ್ರಿ ಕೂಡ್ರಿ, ಇದಕ್ಕ ಟ್ಯಾಕ್ಸ್ ಹಾಕಿಲ್ಲ ನೋಡ್ರಿ ಅವರು” ಎಂದು ಕುರ್ಚಿಯನ್ನು ಸ್ವಲ್ಪ ಸರಿಸಿದರು.